ಅಗ್ನಿಸಾಕ್ಷಿಯೂ ಕಚೇರಿಯ ಪುಸ್ತಕವೂ

ದುಷ್ಯಂತನ ಆಸ್ಥಾನದಲ್ಲಿ ಶಕುಂತಲೆ ನಿಂತ ಗಳಿಗೆಯನ್ನು ಕನ್ನಡಿಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಬಸವಪ್ಪ ಶಾಸ್ತ್ರಿಗಳ ಕಾಲದಿಂದಲೂ ಆ ನಾಟಕ ನಮ್ಮ ರಂಗಭೂಮಿಯಲ್ಲಿಯೂ ತರಗತಿಗಳಲ್ಲಿಯೂ ಬಳಕೆಯಲ್ಲಿದೆ. ಆದರೆ ಆ ಸನ್ನಿವೇಶವನ್ನು ರಸಿಕನ ಕಣ್ಣಿನಿಂದಲ್ಲದೆ ಕಚೇರಿಯ ಗುಮಾಸ್ತನ ಕಣ್ಣಿನಿಂದ ಒಮ್ಮೆ ನೋಡಿರಿ. ಒಬ್ಬ ಹೆಣ್ಣುಮಗಳು ತಾನು ಇಂಥವನ ಹೆಂಡತಿ ಎನ್ನುತ್ತಾಳೆ. ಆತ ಅಲ್ಲವೆನ್ನುತ್ತಾನೆ. ಮದುವೆ ನಡೆದದ್ದು ಗಾಂಧರ್ವ ವಿಧಿಯಿಂದ. ತಪೋವನದ ಸಖಿಯರು ಅದನ್ನು ಬಲ್ಲರು. ಆದರೆ ಅವರು ಆಸ್ಥಾನಕ್ಕೆ ಬಂದಿಲ್ಲ. ಇದ್ದ ಒಂದೇ ದಾಖಲೆ ಉಂಗುರ. ಅದು ಮೀನಿನ ಹೊಟ್ಟೆಯಲ್ಲಿದೆ. ಮಹಾಭಾರತದ ಮೂಲಕಥೆಯಲ್ಲಂತೂ ಉಂಗುರವೂ ಇಲ್ಲ; ಅಲ್ಲಿ ಅಶರೀರವಾಣಿಯೇ ಬಂದು ಸಾಕ್ಷಿ ನುಡಿಯಬೇಕಾಯಿತು.

ಅಶರೀರವಾಣಿ ಎಲ್ಲರ ಪಾಲಿಗೂ ಬರುವುದಿಲ್ಲ. ನಮ್ಮ ಮದುವೆಗಳಿಗೆ ಅಗ್ನಿ ಸಾಕ್ಷಿ, ಅರುಂಧತಿ ಸಾಕ್ಷಿ, ನೆರೆದ ಹತ್ತು ಸಮಸ್ತರು ಸಾಕ್ಷಿ. ಅಗ್ನಿ ಆರುತ್ತದೆ, ಅರುಂಧತಿ ಹಗಲಿನಲ್ಲಿ ಕಾಣುವುದಿಲ್ಲ, ಹತ್ತು ಸಮಸ್ತರು ಒಬ್ಬೊಬ್ಬರಾಗಿ ತೀರಿಹೋಗುತ್ತಾರೆ. ಆಮೇಲೆ ಆ ಹೆಣ್ಣುಮಗಳು ಯಾರ ಹೆಂಡತಿ ಎಂಬುದನ್ನು ಹೇಳುವವರು ಯಾರು? ಈ ಪ್ರಶ್ನೆ ನನ್ನ ಮುಂದೆ ಬಂದದ್ದು ಕಾವ್ಯದಿಂದಲ್ಲ, ನಮ್ಮ ಮನೆಯಿಂದಲೇ.

ನನ್ನ ತಂದೆಗೆ ಇಬ್ಬರು ತಂಗಿಯರು. ದೊಡ್ಡತ್ತೆಯ ಮದುವೆ ನಡೆದದ್ದು 1957ರ ವೈಶಾಖದಲ್ಲಿ, ಅಜ್ಜನ ಮನೆಯ ಮುಂದೆ ಹಾಕಿದ ಹಸಿರು ಚಪ್ಪರದಲ್ಲಿ. ನಾನು ಆಗ ಏಳು ವರ್ಷದ ಹುಡುಗ. ನಾಗಸ್ವರ, ಮೂರು ದಿನದ ಸಮಾರಾಧನೆ, ಸುತ್ತಲಿನ ನಾಲ್ಕೂರಿನ ಜನ, ಇವೆಲ್ಲ ನನ್ನ ನೆನಪಿನಲ್ಲಿ ಈಗಲೂ ಇವೆ. 1964ರಲ್ಲಿ ಚಿಕ್ಕತ್ತೆ ಬೇರೆ ಜಾತಿಯ ಒಬ್ಬ ಉಪಾಧ್ಯಾಯರನ್ನು ಕೈಹಿಡಿದಳು. ಚಪ್ಪರವಿಲ್ಲ, ಪುರೋಹಿತರಿಲ್ಲ; ದೂರದ ಒಂದು ಊರಿನ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಮೂವರು ಸಾಕ್ಷಿಗಳ ಎದುರು ರುಜು ಹಾಕಿದ್ದಷ್ಟೇ. ಅಜ್ಜ ಮಗಳ ಹೆಸರಿಗೆ ಎಳ್ಳುನೀರು ಬಿಟ್ಟರು. ನಮ್ಮ ಮನೆಯಲ್ಲಿ ಅದಕ್ಕೆ ಮದುವೆ ಎಂಬ ಹೆಸರೇ ಇರಲಿಲ್ಲ. ‘ಆ ರಿಜಿಸ್ಟರ್’ ಎನ್ನುತ್ತಿದ್ದರು.

1981ರಲ್ಲಿ ದೊಡ್ಡತ್ತೆಯ ಯಜಮಾನರು ತೀರಿಕೊಂಡರು. ಅವರು ಸರ್ಕಾರಿ ನೌಕರರು. ಸೇವಾ ಪುಸ್ತಕದಲ್ಲಿ ಕುಟುಂಬದವರ ಹೆಸರು ಬರೆಯುವ ಕಡೆ ಅವರ ತಾಯಿಯ ಹೆಸರೊಂದೇ ಇತ್ತು. ಮದುವೆಗೆ ಮೊದಲು ಬರೆಸಿದ್ದು, ಆಮೇಲೆ ಸೇರಿಸಲು ಮರೆತದ್ದು. ಕುಟುಂಬ ನಿವೃತ್ತಿವೇತನಕ್ಕೆ ಅರ್ಜಿ ಹಾಕಿದಾಗ ಕಚೇರಿಯವರು ಕೇಳಿದ್ದು ಒಂದೇ ಮಾತು: ‘ಇವರು ಅವರ ಧರ್ಮಪತ್ನಿ ಎಂಬುದಕ್ಕೆ ಆಧಾರವೇನು?’ ಲಗ್ನಪತ್ರಿಕೆಯನ್ನು ಗೆದ್ದಲು ತಿಂದಿತ್ತು. ಮದುವೆ ಮಾಡಿಸಿದ ಪುರೋಹಿತರು ಕಾಲವಾಗಿದ್ದರು. ಪ್ರಮಾಣಪತ್ರ, ವಂಶವೃಕ್ಷ, ಊರ ಹಿರಿಯರ ಹೇಳಿಕೆ ಎಂದು ಎರಡೂವರೆ ವರ್ಷ ತಾಲ್ಲೂಕು ಕಚೇರಿಯ ಜಗಲಿಯಲ್ಲಿ ಕಾದದ್ದಾಯಿತು. ಅಲ್ಲಿ ಕುಳಿತಾಗಲೇ ಒಮ್ಮೆ ದೊಡ್ಡತ್ತೆ ನನ್ನನ್ನು ಕೇಳಿದಳು: ‘ಸಾವಿರ ಜನ ಉಂಡು ಹೋದರಲ್ಲೋ, ಅವರಲ್ಲಿ ಒಬ್ಬರಾದರೂ ಬರೆದಿಡಬಾರದಾಗಿತ್ತೇನೋ?’

ನಾನು ಇತಿಹಾಸದ ಮೇಷ್ಟರು. ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಾಗ ನನಗೆ ತಿಳಿದದ್ದನ್ನು ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ. ನಮ್ಮ ದೇಶದಲ್ಲಿ ಎಲ್ಲ ಮದುವೆಗಳನ್ನೂ ಬರೆದಿಟ್ಟ ಒಂದೇ ಪುಸ್ತಕವಿಲ್ಲ. ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಕಾರಣಗಳಿಗಾಗಿ, ಬೇರೆ ಬೇರೆ ಕಾನೂನುಗಳ ಅಡಿಯಲ್ಲಿ ತೆರೆದ ಹಲವು ಪುಸ್ತಕಗಳಿವೆ. ಒಂದು ಮದುವೆಯ ದಾಖಲೆಯನ್ನು ಹುಡುಕಬೇಕಾದರೆ ಮೊದಲು ಆ ಪುಸ್ತಕಗಳ ಚರಿತ್ರೆಯನ್ನು ಬಲ್ಲವರಾಗಬೇಕು.

ನಮ್ಮ ಪೂರ್ವಿಕರು ಬರೆಯುವುದರಲ್ಲಿ ಹಿಂದೆ ಬಿದ್ದವರಲ್ಲ. ಕೆರೆ ಕಟ್ಟಿಸಿದ್ದನ್ನು, ಭೂಮಿ ದಾನ ಕೊಟ್ಟದ್ದನ್ನು, ತುರುಗಳನ್ನು ಕಾಯುವಾಗ ಮಡಿದದ್ದನ್ನು ಕಲ್ಲಿನ ಮೇಲೆ ಕೆತ್ತಿದರು. ಸಾಮಾನ್ಯರ ಮದುವೆ ಮಾತ್ರ ಕಲ್ಲಿಗೆ ಏರಲಿಲ್ಲ. ಏರಿದ್ದು ಅದರ ಮೇಲಣ ಸುಂಕ. ವಿಜಯನಗರದ ಕಾಲದ ಹಲವು ಶಾಸನಗಳಲ್ಲಿ ಮದುವೆಯ ಸುಂಕವನ್ನು ಬಿಟ್ಟುಕೊಟ್ಟ ವಿಷಯ ಬರುತ್ತದೆ. ಎಂದರೆ ಆಳುವವರಿಗೆ ಮದುವೆ ಒಂದು ಆದಾಯವಾಗಿ ಗೊತ್ತಿತ್ತು. ಯಾರು ಯಾರನ್ನು ಮದುವೆಯಾದರೆಂಬುದು ಅವರಿಗೆ ಬೇಕಾಗಿರಲಿಲ್ಲ. ನಮ್ಮ ನಾಡಿನ ಚರಿತ್ರೆಯನ್ನೇ ಅಲುಗಿಸಿದ ಮದುವೆಯೆಂದು ಪರಂಪರೆ ಹೇಳುವ ಮಧುವರಸನ ಮಗಳ ಮತ್ತು ಹರಳಯ್ಯನ ಮಗನ ವಿವಾಹವನ್ನೇ ತೆಗೆದುಕೊಳ್ಳಿ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ನಡೆಯಿತೆನ್ನುವ ಆ ಮದುವೆಯನ್ನು ನಾವು ಬಲ್ಲೆವಾದುದು ಮುಂದಿನವರು ಬರೆದ ಕಥೆ ಪುರಾಣಗಳಿಂದ.

ಸಮಾಜ ತನ್ನದೇ ಆದ ಏರ್ಪಾಡನ್ನು ಮಾಡಿಕೊಂಡಿರಲಿಲ್ಲವೆಂದಲ್ಲ. ನಮ್ಮ ಹೆಳವರನ್ನು ನೆನೆಯಿರಿ. ಎತ್ತಿನ ಮೇಲೆ ಕುಳಿತು ಊರೂರು ಸುತ್ತಿ, ಒಕ್ಕಲಿನ ಮನೆಯ ಬಾಗಿಲಲ್ಲಿ ನಿಂತು, ಆ ಮನೆತನದ ಮೂಲಪುರುಷನಿಂದ ಹಿಡಿದು ಇಂದಿನವರ ತನಕ ಹೆಸರು ಹೇಳಿ ಕಾಳು ಕಾಣಿಕೆ ಪಡೆಯುವ ವಂಶಾವಳಿಕಾರರು ಅವರು. ಅವರ ಓಲೆಗಳೂ ಪುಸ್ತಕಗಳೂ ಎಷ್ಟೋ ಮನೆತನಗಳಿಗೆ ಇರುವ ಒಂದೇ ಚರಿತ್ರೆ. ಇತ್ತೀಚಿನ ವರ್ಷಗಳಲ್ಲಿ ಅವುಗಳ ಛಾಯಾಪ್ರತಿ ತೆಗೆದಿಡುವ ಕೆಲಸವೂ ನಡೆದಿದೆ. ಆದರೆ ವಂಶಾವಳಿ ಎಂದ ಮೇಲೆ ಗಂಡುಸಂತಾನದ ಸಾಲೇ ಅಲ್ಲಿ ಮುಖ್ಯ. ಹೊರಗೆ ಕೊಟ್ಟ ಹೆಣ್ಣುಮಗಳು ಆ ಬಳ್ಳಿಯಿಂದ ಕಳಚಿ ಬೀಳುತ್ತಾಳೆ. ಲಗ್ನಪತ್ರಿಕೆಯ ಮಾತೂ ಅಷ್ಟೆ. ಅದು ಮದುವೆ ನಡೆಯಲಿದೆ ಎನ್ನುವ ಕರೆಯೋಲೆಯೇ ಹೊರತು ನಡೆಯಿತು ಎನ್ನುವ ದಾಖಲೆಯಲ್ಲ.

ಮದುವೆಯಾದ ಮೇಲೆ ಅದನ್ನು ಪುಸ್ತಕದಲ್ಲಿ ಬರೆದು ರುಜು ಹಾಕಿಸುವ ಪದ್ಧತಿ ನಮ್ಮಲ್ಲಿಗೆ ಬಂದದ್ದು ಇಗರ್ಜಿಗಳ ಮೂಲಕ. 1563ರಲ್ಲಿ ಟ್ರೆಂಟ್ ನಗರದ ಧರ್ಮಸಭೆ, ಪ್ರತಿಯೊಂದು ಇಗರ್ಜಿಯ ಪಾದ್ರಿಯೂ ವಿವಾಹಗಳ ಪುಸ್ತಕವನ್ನು ಇಡಬೇಕೆಂದು ವಿಧಿಸಿತು. ಗುಟ್ಟಾಗಿ ಮದುವೆಯಾಗಿ ಆಮೇಲೆ ಇಲ್ಲವೆನ್ನುವ ಗಂಡಸರ ಕಾಟವೇ ಅದಕ್ಕೆ ಮುಖ್ಯ ಕಾರಣ. ನೋಡಿ, ದುಷ್ಯಂತರು ಎಲ್ಲ ದೇಶಗಳಲ್ಲಿಯೂ ಇದ್ದರು! ಪೋರ್ಚುಗೀಸರ ಗೋವೆಯ ಮೂಲಕ ಆ ಪದ್ಧತಿ ಪಶ್ಚಿಮ ಕರಾವಳಿಗೆ ಬಂದಿತು. ಪೂರ್ವ ಕರಾವಳಿಯಲ್ಲಿ, ಮದರಾಸಿನ ಕೋಟೆಯೊಳಗಿನ ಸೇಂಟ್ ಮೇರಿ ಇಗರ್ಜಿಯ ವಿವಾಹ ಪುಸ್ತಕ 1680ರಲ್ಲಿ ಆರಂಭವಾಯಿತು. ಅದರ ಮೊದಲ ಮದುವೆ ಎಲಿಹು ಯೇಲ್‌ನದು. 1753ರ ಫೆಬ್ರವರಿ 18ರಂದು ಅದೇ ಇಗರ್ಜಿಯಲ್ಲಿ ರಾಬರ್ಟ್ ಕ್ಲೈವ್ ಮದುವೆಯಾದ.

ಈ ಮದರಾಸಿನ ಪುಸ್ತಕಗಳಿಗೂ ನಮಗೂ ಏನು ಸಂಬಂಧವೆಂದು ಕೇಳಬಹುದು. ಬೆಂಗಳೂರಿನಲ್ಲಿ 1809ರಲ್ಲಿ ದಂಡು ನೆಲೆಯೂರಿದಾಗ ಅಲ್ಲಿಯ ಸೈನಿಕ ಪಾದ್ರಿಗಳು ಮದರಾಸು ಪ್ರಾಂತಕ್ಕೆ ಸೇರಿದವರಾಗಿದ್ದರು. ದಂಡಿನ ಇಗರ್ಜಿಗಳಲ್ಲಿ ನಡೆದ ಮದುವೆಗಳ ಪ್ರತಿ ಮದರಾಸಿಗೆ ಹೋಗಿ, ಅಲ್ಲಿಂದ ಲಂಡನ್ನಿಗೆ ಹೋಗುತ್ತಿತ್ತು. ಹಾಗೆ ಹೋದ ಪ್ರತಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಮದರಾಸಿನ ಸಾಲಿನಲ್ಲಿವೆ. ಹೆಸರುಗಳ ಅನುಕ್ರಮಣಿಕೆಯೂ ಉಂಟು. ಬೆಂಗಳೂರಿನ ಒಬ್ಬ ಸಾಮಾನ್ಯ ಸಿಪಾಯಿಯ ಮದುವೆಯನ್ನು ಏಳು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ ಜೋಪಾನವಾಗಿ ಇಟ್ಟಿದ್ದಾರೆ. ಅದೇ ಕಾಲದಲ್ಲಿ ಅವನ ಡೇರೆಗೆ ಹಾಲು ಹಾಕುತ್ತಿದ್ದವಳ ಮದುವೆಯ ಒಂದಕ್ಷರವೂ ಎಲ್ಲಿಯೂ ಇಲ್ಲ. ಅವರು ಬರೆದಿಟ್ಟದ್ದು ಭಾವುಕತೆಯಿಂದಲ್ಲ. ಸತ್ತ ಸಿಪಾಯಿಯ ಆಸ್ತಿ ಯಾರಿಗೆ, ಅವನ ವಿಧವೆಗೆ ಹಣ ಸಲ್ಲಬೇಕೇ ಎಂಬ ಪ್ರಶ್ನೆಗಳಿಗೆ ಉತ್ತರ ಬೇಕಾಗಿತ್ತು. ದೊಡ್ಡತ್ತೆಯನ್ನು ಕಚೇರಿಯವರು ಕೇಳಿದ್ದೂ ಅದೇ ಪ್ರಶ್ನೆಯನ್ನಲ್ಲವೇ?

ಇಗರ್ಜಿಯ ಪುಸ್ತಕದ ಹೊರಗೆ, ಸರ್ಕಾರದ ಪುಸ್ತಕದಲ್ಲಿ, ಮತದ ವಿಧಿಯಿಲ್ಲದೆ ನಡೆದ ಮದುವೆಗೆ ಜಾಗ ಸಿಕ್ಕಿದ್ದು 1872ರಲ್ಲಿ. ಕ್ರೈಸ್ತರ ವಿವಾಹಗಳಿಗೆ ಸಮಗ್ರ ಕಾನೂನು ಬಂದದ್ದೂ ಆ ವರ್ಷವೇ. ಕೇಶವಚಂದ್ರ ಸೇನರ ಒತ್ತಾಯದಿಂದ, ಬ್ರಾಹ್ಮ ಸಮಾಜದವರ ಮದುವೆಗಳಿಗೆ ಕಾನೂನಿನ ನೆಲೆ ಬೇಕೆಂದು ಮೊದಲಾದ ಪ್ರಯತ್ನ ವಿಶೇಷ ವಿವಾಹ ಕಾನೂನಿನಲ್ಲಿ ಮುಗಿಯಿತು. ಆದರೆ ಅದರಲ್ಲಿ ಒಂದು ಮುಳ್ಳಿತ್ತು. ವಧೂವರರು ತಾವು ಹಿಂದೂ, ಮುಸ್ಲಿಂ, ಕ್ರೈಸ್ತ ಮೊದಲಾದ ಯಾವ ಮತಕ್ಕೂ ಸೇರಿದವರಲ್ಲವೆಂದು ಘೋಷಿಸಿದರೆ ಮಾತ್ರ ಆ ಪುಸ್ತಕದಲ್ಲಿ ರುಜು ಹಾಕಬಹುದಾಗಿತ್ತು. ಜಾತಿಯ ಗೆರೆ ದಾಟಬೇಕೆಂಬುವರು ಮತವನ್ನೇ ಬಿಟ್ಟೆವೆಂದು ಬರೆದುಕೊಡಬೇಕು. ಹರಿಸಿಂಗ್ ಗೌರ್ ಅವರ ಪ್ರಯತ್ನದಿಂದ 1923ರಲ್ಲಿ ತಿದ್ದುಪಡಿಯಾಗಿ ಹಿಂದೂ, ಬೌದ್ಧ, ಸಿಖ್, ಜೈನರು ತಮ್ಮೊಳಗೆ ಮದುವೆಯಾಗಲು ಈ ನಿರಾಕರಣೆ ಬೇಕಿಲ್ಲವೆಂದಾಯಿತು. ಆದ್ದರಿಂದ 1872ಕ್ಕೂ 1923ಕ್ಕೂ ನಡುವಣ ಅಂಥ ದಾಖಲೆಯಲ್ಲಿ ನಿಮ್ಮ ಮುತ್ತಜ್ಜ ತಾನು ಹಿಂದುವಲ್ಲವೆಂದು ಬರೆದಿದ್ದರೆ ಗಾಬರಿಯಾಗಬೇಡಿ. ಅದು ಅವನ ನಂಬಿಕೆಯಾಗಿರದೆ ಕಾನೂನು ಕೇಳಿದ ಬೆಲೆಯೂ ಆಗಿರಬಹುದು.

ಇದೇ ಹೊತ್ತಿಗೆ ಮೈಸೂರು ಸಂಸ್ಥಾನದಲ್ಲಿ ಇನ್ನೊಂದು ಪಾಠ ನಡೆಯಿತು. 1894ರಲ್ಲಿ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, ಮೈಸೂರು ಸರ್ಕಾರ ಶಿಶುವಿವಾಹವನ್ನು ತಡೆಯುವ ಕಾಯಿದೆಯನ್ನು ತಂದಿತು. ಎಂಟು ವರ್ಷ ತುಂಬದ ಹೆಣ್ಣುಮಗುವಿನ ಮದುವೆ ಕೂಡದು; ಐವತ್ತು ದಾಟಿದ ಗಂಡಸು ಹದಿನಾಲ್ಕರೊಳಗಿನ ಹುಡುಗಿಯನ್ನು ಮದುವೆಯಾಗಕೂಡದು. ಇಂದು ಕೇಳಿದರೆ ಎದೆ ನಡುಗುವ ಈ ಮಿತಿಗಳನ್ನೇ ಅಂದಿನವರು ಸಂಪ್ರದಾಯದ ಮೇಲಿನ ದಾಳಿಯೆಂದು ವಿರೋಧಿಸಿದರು. ಕಾಯಿದೆಯೇನೋ ಬಂದಿತು. ಆದರೆ ಮಗು ಹುಟ್ಟಿದ್ದೆಂದು, ಮದುವೆ ನಡೆದದ್ದೆಂದು ಎಂಬುದಕ್ಕೆ ಪುಸ್ತಕವಿಲ್ಲದ ಕಡೆ ವಯಸ್ಸನ್ನು ರುಜುವಾತು ಮಾಡುವುದು ಹೇಗೆ? 1929ರ ಶಾರದಾ ಕಾಯಿದೆಗೂ ಇದೇ ತೊಡಕು ಎದುರಾಯಿತು. ಬರೆದಿಡದ ಮದುವೆಯನ್ನು ನಿಯಂತ್ರಿಸಲಾಗದೆಂಬುದನ್ನು ನಾವು ಬಹಳ ನಿಧಾನವಾಗಿ ಕಲಿತೆವು.

ಸ್ವಾತಂತ್ರ್ಯದ ನಂತರ ಎರಡು ದೊಡ್ಡ ಕಾನೂನುಗಳು ಬಂದವು. 1954ರ ವಿಶೇಷ ವಿವಾಹ ಅಧಿನಿಯಮ ಮತದ ಪ್ರಶ್ನೆಯನ್ನೇ ಕೈಬಿಟ್ಟು ಯಾರು ಯಾರನ್ನಾದರೂ ವಿವಾಹಾಧಿಕಾರಿಯ ಎದುರು ವರಿಸುವ ಹಾದಿಯನ್ನು ತೆರೆಯಿತು. 1955ರ ಹಿಂದೂ ವಿವಾಹ ಅಧಿನಿಯಮದ 8ನೆಯ ಪ್ರಕರಣ, ಶಾಸ್ತ್ರೋಕ್ತವಾಗಿ ನಡೆದ ಮದುವೆಯನ್ನೂ ನೋಂದಾಯಿಸಬಹುದೆಂದಿತು. ‘ಬಹುದು’ ಎಂಬ ಆ ಒಂದು ಪದದಲ್ಲಿಯೇ ದೊಡ್ಡತ್ತೆಯ ಎರಡೂವರೆ ವರ್ಷ ಅಡಗಿತ್ತು. ನೋಂದಾಯಿಸದಿದ್ದರೂ ಮದುವೆ ಮದುವೆಯೇ ಎಂದು ಕಾನೂನು ಅಭಯ ಕೊಟ್ಟಿತು. ಅಭಯ ಕೇಳಿದವರು ಸುಮ್ಮನಾದರು.

ನೋಂದಣಿಯನ್ನು ಕಡ್ಡಾಯ ಮಾಡುವ ಪ್ರಯತ್ನ ಮೊದಲು ಕಂಡದ್ದು 1953ರ ಮುಂಬಯಿ ರಾಜ್ಯದ ಕಾನೂನಿನಲ್ಲಿ. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಆಗ ಆ ರಾಜ್ಯಕ್ಕೇ ಸೇರಿದ್ದವು. ಕರ್ನಾಟಕದ ಸ್ವಂತ ಕಾನೂನು 1976ರ ಹೆಸರನ್ನು ಹೊತ್ತಿದೆ. ಅದು 1984ರ 2ನೆಯ ಅಧಿನಿಯಮವಾಗಿ ಪ್ರಕಟವಾಯಿತು. ಅದರ ನಿಯಮಗಳು ಬಂದದ್ದು 2006ರಲ್ಲಿ. ಹೆಸರಿಗೂ ನಿಯಮಕ್ಕೂ ನಡುವೆ ಮೂವತ್ತು ವರ್ಷ! ಈ ನಡುವೆ, 1993ರಲ್ಲಿ, ಮಹಿಳೆಯರ ಬಗೆಗಿನ ತಾರತಮ್ಯವನ್ನು ಹೋಗಲಾಡಿಸುವ ವಿಶ್ವಸಂಸ್ಥೆಯ ಒಡಂಬಡಿಕೆಗೆ ಭಾರತ ಒಪ್ಪಿಗೆ ಕೊಟ್ಟಾಗ, ಕಡ್ಡಾಯ ವಿವಾಹ ನೋಂದಣಿಯ ತತ್ತ್ವ ಸರಿಯೆಂದೂ, ಇಷ್ಟು ವಿಶಾಲವಾದ, ಇಷ್ಟೊಂದು ಆಚಾರಗಳಿರುವ ದೇಶದಲ್ಲಿ ಅದು ಕಾರ್ಯಸಾಧ್ಯವಲ್ಲವೆಂದೂ ಹೇಳಿತು. ಕೊನೆಗೆ 2006ರ ಫೆಬ್ರವರಿ 14ರಂದು ಸುಪ್ರೀಂ ಕೋರ್ಟು, ಎಲ್ಲ ಮತದವರ ಮದುವೆಗಳನ್ನೂ ಅವು ನಡೆದ ರಾಜ್ಯದಲ್ಲಿ ಕಡ್ಡಾಯವಾಗಿ ನೋಂದಾಯಿಸಬೇಕೆಂದು ನಿರ್ದೇಶಿಸಿತು. ನೋಂದಣಿಯೊಂದರಿಂದಲೇ ಮದುವೆ ಸಿಂಧುವಾಗದು, ಆದರೆ ಹೆಂಡತಿ ಮಕ್ಕಳ ಹಕ್ಕುಗಳ ವಿಚಾರದಲ್ಲಿ ಅದರ ಸಾಕ್ಷ್ಯಬಲ ದೊಡ್ಡದು ಎಂಬುದು ಆ ತೀರ್ಪಿನ ತಿರುಳು. 2024ರಿಂದ ಕರ್ನಾಟಕದಲ್ಲಿ ಹಿಂದೂ ವಿವಾಹದ ನೋಂದಣಿಗೆ ಮನೆಯಲ್ಲಿ ಕುಳಿತೇ ಕಾವೇರಿ ಗಣಕ ವ್ಯವಸ್ಥೆಯ ಮೂಲಕ ಅರ್ಜಿ ಹಾಕಬಹುದಾಗಿದೆ.

ಈ ಚರಿತ್ರೆ ಗೊತ್ತಾದ ಮೇಲೆ ಹುಡುಕುವ ದಾರಿ ತಾನಾಗಿಯೇ ತೋರುತ್ತದೆ. ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಮೂರು: ಮದುವೆ ಯಾವಾಗ, ಎಲ್ಲಿ, ಯಾವ ವಿಧಿಯಿಂದ ನಡೆಯಿತು? ಇಗರ್ಜಿಯಲ್ಲಿ ನಡೆದಿದ್ದರೆ ಮೊದಲು ಆ ಇಗರ್ಜಿಯ ಪುಸ್ತಕವನ್ನು ನೋಡಬೇಕು. ನಿಕಾಹ್ ಆಗಿದ್ದರೆ ನಿಕಾಹ್‌ನಾಮೆಯನ್ನೂ ಅದನ್ನು ಬರೆದ ಖಾಜಿಯ ಪುಸ್ತಕವನ್ನೂ ವಿಚಾರಿಸಬೇಕು. ಹಿಂದೂ ವಿವಾಹ ಅಥವಾ ವಿಶೇಷ ವಿವಾಹದ ಅಡಿಯಲ್ಲಿ ನೋಂದಣಿಯಾಗಿದ್ದರೆ ಆ ವ್ಯಾಪ್ತಿಯ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಬೇಕು. ಅನೇಕರು ಪುರಸಭೆಗೋ ಗ್ರಾಮದ ಕಚೇರಿಗೋ ಹೋಗಿ ಬರಿಗೈಯಲ್ಲಿ ಬರುತ್ತಾರೆ. ಜನನ ಮರಣದ ಪುಸ್ತಕ ಅಲ್ಲಿದೆಯಲ್ಲ, ಮದುವೆಯದೂ ಅಲ್ಲಿಯೇ ಇರಬೇಕೆಂಬ ಭಾವನೆ ಅವರದು. ನಮ್ಮ ರಾಜ್ಯದಲ್ಲಿ ಜನನ ಮರಣಗಳನ್ನು ಒಂದು ಕೈ ಬರೆಯಿತು, ಮದುವೆಯನ್ನು ಮನೆ ಹೊಲಗಳ ಕ್ರಯಪತ್ರಗಳನ್ನು ಬರೆಯುವ ನೋಂದಣಿ ಇಲಾಖೆಯ ಕೈ ಬರೆಯಿತು. ದೊಡ್ಡ ಊರುಗಳಲ್ಲಿ ಕಚೇರಿಗಳು ಒಡೆದು ಎರಡು ಮೂರಾಗಿವೆ. ಆದ್ದರಿಂದ ಆ ವರ್ಷದಲ್ಲಿ ಆ ಊರು ಯಾವ ಕಚೇರಿಯ ವ್ಯಾಪ್ತಿಯಲ್ಲಿತ್ತು ಎಂದು ಕೇಳಬೇಕು. ಅಲ್ಲಿ ಸಿಗದಿದ್ದರೆ ಜಿಲ್ಲಾ ನೋಂದಣಾಧಿಕಾರಿಗಳನ್ನು ವಿಚಾರಿಸಬೇಕು. ವಿಶೇಷ ವಿವಾಹಗಳ ಪ್ರತಿಯನ್ನು ರಾಜ್ಯದ ಮಹಾನೋಂದಣಾಧಿಕಾರಿಗೂ ಕಳುಹಿಸಬೇಕೆಂದು ಕಾನೂನಿದೆ.

ತಾರೀಖಿನ ತೊಡಕು ಇನ್ನೊಂದು. ಹಿರಿಯರ ನೆನಪು ಇಸವಿಯಲ್ಲಿರುವುದಿಲ್ಲ, ಸಂವತ್ಸರದಲ್ಲಿರುತ್ತದೆ. ದೊಡ್ಡತ್ತೆಯ ಮದುವೆ ಹೇವಿಳಂಬಿ ಸಂವತ್ಸರದ್ದು. ಚಿಕ್ಕತ್ತೆಯದು ಕ್ರೋಧಿ ಸಂವತ್ಸರದ್ದು. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮರಳಿ ಬರುವುದರಿಂದ, ಹೇವಿಳಂಬಿ ಎಂದರೆ 1957 ಆಗಬಹುದು, 2017 ಆಗಬಹುದು, 1897 ಕೂಡ ಆಗಬಹುದು. ಪಂಚಾಂಗವನ್ನು ಇಸವಿಗೆ ಹೊಂದಿಸಿಕೊಳ್ಳದೆ ಕಚೇರಿಗೆ ಹೋದರೆ ಅನುಕ್ರಮಣಿಕೆ ಬಾಯಿ ಬಿಡುವುದಿಲ್ಲ. ಹೆಸರಿನ ತೊಡಕು ಮತ್ತೊಂದು. ಧಾರವಾಡದ ಕಡೆಯ ಕೆಲವು ಮನೆತನಗಳಲ್ಲಿ ಮದುವೆಯ ದಿನವೇ ವಧುವಿಗೆ ಹೊಸ ಹೆಸರಿಡುತ್ತಾರೆ. ತವರಿನ ಹೆಸರನ್ನೂ ಗಂಡನ ಮನೆಯ ಹೆಸರನ್ನೂ ಎರಡನ್ನೂ ಹಿಡಿದು ಹುಡುಕಬೇಕು. ಕನ್ನಡನಾಡು 1956ರ ನವೆಂಬರ್ 1ರವರೆಗೆ ಐದು ಆಡಳಿತಗಳಲ್ಲಿ ಹಂಚಿಹೋಗಿದ್ದುದರಿಂದ ಹಳೆಯ ಕಾಗದಗಳ ಭಾಷೆಯೂ ಒಂದೇ ಅಲ್ಲ. ಕಲಬುರಗಿಯ ಕಡೆ ಉರ್ದು, ಬೆಳಗಾವಿಯ ಕಡೆ ಮರಾಠಿ, ಬೇರೆಡೆ ಇಂಗ್ಲಿಷು ಎದುರಾಗಬಹುದು.

ಎಲ್ಲಕ್ಕಿಂತ ಮುಖ್ಯವಾದ, ಬಹುಜನರು ಅರಿಯದ ಸಂಗತಿಯೊಂದಿದೆ. ಈ ಪುಸ್ತಕಗಳು ಅಧಿಕಾರಿಯ ಸ್ವಂತ ಸೊತ್ತಲ್ಲ. ಹಿಂದೂ ವಿವಾಹದ ನೋಂದಣಿ ಪುಸ್ತಕವೂ ವಿಶೇಷ ವಿವಾಹದ ಪ್ರಮಾಣಪತ್ರ ಪುಸ್ತಕವೂ ಯುಕ್ತವಾದ ವೇಳೆಯಲ್ಲೆಲ್ಲ ಪರಿಶೀಲನೆಗೆ ತೆರೆದಿರಬೇಕು. ಅರ್ಜಿ ಕೊಟ್ಟು ಶುಲ್ಕ ತೆತ್ತವರಿಗೆ ದೃಢೀಕರಿಸಿದ ನಕಲು ಕೊಡಬೇಕು. ಆ ನಕಲು ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ನಿಲ್ಲುತ್ತದೆ. ಇದು ಕಾನೂನಿನಲ್ಲಿಯೇ ಇರುವ ಮಾತು.

ತೆರೆದ ಪುಸ್ತಕಕ್ಕೆ ಇನ್ನೊಂದು ಮುಖವೂ ಉಂಟೆಂಬುದನ್ನು ಮರೆಮಾಚಬಾರದು. ವಿಶೇಷ ವಿವಾಹದಲ್ಲಿ ಎರಡು ಪುಸ್ತಕಗಳಿವೆ. ಮದುವೆಯಾದ ಮೇಲಿನ ಪ್ರಮಾಣಪತ್ರ ಪುಸ್ತಕ ಒಂದು. ಮದುವೆಗೆ ಮೊದಲಿನ ನೋಟೀಸು ಪುಸ್ತಕ ಇನ್ನೊಂದು. ನೋಟೀಸನ್ನು ಕಚೇರಿಯ ಫಲಕದಲ್ಲಿ ಅಂಟಿಸಿ ಆಕ್ಷೇಪಣೆಗಾಗಿ ಮೂವತ್ತು ದಿನ ಕಾಯಬೇಕು. ವಿಧವೆಗೆ ಆಸರೆಯಾಗುವ ಪುಸ್ತಕದ ಪಕ್ಕದಲ್ಲಿಯೇ, ಮನೆಯವರಿಗೆ ಹೆದರಿ ಓಡಿಬಂದ ಹುಡುಗಿಯ ಹೆಸರು ವಿಳಾಸಗಳನ್ನು ಬಯಲಿಗಿಡುವ ಪುಸ್ತಕವೂ ಇದೆ. ಚಿಕ್ಕತ್ತೆ ಆ ಮೂವತ್ತು ದಿನಗಳಲ್ಲಿ ನಮ್ಮೂರಿನ ಬಸ್ಸು ಬಂದು ನಿಲ್ಲುವ ಹೊತ್ತಿಗೆ ಬೀದಿಗೆ ಇಳಿಯುತ್ತಿರಲಿಲ್ಲವಂತೆ. 2021ರ ಜನವರಿಯಲ್ಲಿ ಅಲಹಾಬಾದ್ ಉಚ್ಚ ನ್ಯಾಯಾಲಯ, ಇಂಥ ಪ್ರಕಟಣೆ ವಧೂವರರ ಇಚ್ಛೆಗೆ ಬಿಟ್ಟದ್ದೆಂದು ತೀರ್ಪು ಕೊಟ್ಟಿತು. ನಡೆದ ಮದುವೆಯ ದಾಖಲೆ ತೆರೆದಿರುವುದು ಬೇರೆ, ನಡೆಯಲಿರುವ ಮದುವೆಯನ್ನು ಡಂಗುರ ಹೊಡೆಸುವುದು ಬೇರೆ. ಈ ವಿವೇಕ ನಮಗೆ ಇನ್ನೂ ಪೂರ್ತಿಯಾಗಿ ಬಂದಿಲ್ಲ.

ಈಗ ನನ್ನ ಕಥೆಯ ಉಳಿದ ಭಾಗ. 1996ರಲ್ಲಿ ಚಿಕ್ಕತ್ತೆಯ ಯಜಮಾನರೂ ತೀರಿಕೊಂಡರು. ಆಕೆಯ ಬಳಿ ಇದ್ದ ಪ್ರಮಾಣಪತ್ರ ಸೋರುವ ಮನೆಯ ಪೆಟ್ಟಿಗೆಯಲ್ಲಿ ನೆನೆದು ಅಕ್ಷರ ಹರಡಿಹೋಗಿತ್ತು. ದೃಢೀಕರಿಸಿದ ನಕಲು ತರಲು ನಾನೇ ಆ ದೂರದ ಊರಿಗೆ ಹೋದೆ. ಇಸವಿ, ತಿಂಗಳು, ಇಬ್ಬರ ಹೆಸರು ಬರೆದು ಅರ್ಜಿ ಕೊಟ್ಟೆ. ವಯಸ್ಸಾದ ಗುಮಾಸ್ತರೊಬ್ಬರು ಅನುಕ್ರಮಣಿಕೆಯ ಮೇಲೆ ಬೆರಳಾಡಿಸಿ, ಹಿಂದಿನ ಕೋಣೆಯಿಂದ ಅಂಚು ಕಂದಿದ ಪುಸ್ತಕವೊಂದನ್ನು ತಂದು ಮೇಜಿನ ಮೇಲೆ ಬಿಚ್ಚಿದರು. ಅರ್ಧ ಗಂಟೆಯ ಕೆಲಸ. ದೊಡ್ಡತ್ತೆಯ ಎರಡೂವರೆ ವರ್ಷವನ್ನು ನೆನೆದು ನಾನು ಮನಸ್ಸಿನಲ್ಲಿಯೇ ಅಳೆಯುತ್ತಿದ್ದೆ. ನಮ್ಮ ಮನೆತನದಲ್ಲಿ ಹೆಮ್ಮೆಯಿಂದ ನಡೆದ ಮದುವೆಗೆ ಒಂದು ಚೂರು ಕಾಗದವಿರಲಿಲ್ಲ. ಯಾವುದನ್ನು ಮದುವೆಯೆಂದೇ ಕರೆಯಲಿಲ್ಲವೋ ಅದು ಇಲ್ಲಿ ಮೂವತ್ತೆರಡು ವರ್ಷ ಕಳೆದರೂ ಸರ್ಕಾರದ ಮೊಹರಿನ ಕೆಳಗೆ ಭದ್ರವಾಗಿತ್ತು.

ಆಮೇಲೆ ನನ್ನ ಕಣ್ಣು ಪುಟದ ಕೆಳಗೆ, ಸಾಕ್ಷಿಗಳ ಸಾಲಿಗೆ ಹೋಯಿತು. ಮೂರು ರುಜುಗಳು. ಮೊದಲನೆಯದು ಯಾರೋ ಸ್ನೇಹಿತರದು. ಎರಡನೆಯದು ಶಾಲೆಯ ಮುಖ್ಯೋಪಾಧ್ಯಾಯರದು. ಮೂರನೆಯದು ದೊಡ್ಡತ್ತೆಯ ಯಜಮಾನರದು. ಗುಂಡಗಿನ, ಬಾಲ ಎಳೆದ ಆ ಅಕ್ಷರ ನನಗೆ ಚೆನ್ನಾಗಿ ಗೊತ್ತು. ಚಿಕ್ಕಂದಿನಲ್ಲಿ ನನಗೆ ಪತ್ರ ಬರೆಯುತ್ತಿದ್ದವರು ಅವರು. ಮನೆಯ ಹಿರಿಯ ಅಳಿಯ, ಅಜ್ಜನ ಎದುರು ತಲೆಯೆತ್ತಿ ಮಾತನಾಡದವರು, ಯಾರಿಗೂ ತಿಳಿಸದೆ ಬಸ್ಸು ಹತ್ತಿ ಹೋಗಿ ನಾದಿನಿಯ ಮದುವೆಗೆ ಸಾಕ್ಷಿಯಾಗಿ ಬಂದಿದ್ದರು. ಚಿಕ್ಕತ್ತೆಯನ್ನು ಕೇಳಿದೆ. ‘ಭಾವ ಮಾತು ತೆಗೆದುಕೊಂಡಿದ್ದರಪ್ಪ, ಅಕ್ಕನಿಗೂ ಹೇಳಬಾರದು ಅಂತ. ಹೇಳಿದ್ದರೆ ಅಪ್ಪ ಅವಳನ್ನೂ ಹೊಸ್ತಿಲು ತುಳಿಯಗೊಡುತ್ತಿರಲಿಲ್ಲ’ ಎಂದಳು.

ನಕಲಿನಲ್ಲಿ ರುಜು ಬರುವುದಿಲ್ಲ, ರುಜು ಹಾಕಿದವರ ಹೆಸರನ್ನು ಗುಮಾಸ್ತರು ತಮ್ಮ ಕೈಯಲ್ಲಿ ಬರೆಯುತ್ತಾರೆ. ಅದನ್ನು ತೋರಿಸಿದಾಗ ದೊಡ್ಡತ್ತೆ ಬಹಳ ಹೊತ್ತು ಸುಮ್ಮನಿದ್ದು, ‘ಆ ಪುಸ್ತಕವನ್ನು ನನಗೆ ತೋರಿಸುತ್ತಾರೇನೋ?’ ಎಂದು ಕೇಳಿದಳು. ತೋರಿಸಲೇಬೇಕೆಂದು ಕಾನೂನಿದೆ ಎಂದೆ. ಮುಂದಿನ ವಾರ ಅಕ್ಕತಂಗಿಯರಿಬ್ಬರನ್ನೂ ಕರೆದುಕೊಂಡು ಹೋದೆ. ಗುಮಾಸ್ತರು ಮತ್ತೆ ಪುಸ್ತಕ ಬಿಚ್ಚಿದರು. ದೊಡ್ಡತ್ತೆ ಕನ್ನಡಕ ಒರೆಸಿಕೊಂಡು ನೋಡಿದಳು. ಆ ರುಜುವಿನ ಮೇಲೆ ಒಮ್ಮೆ ಬೆರಳಿಟ್ಟಳು. ‘ಇವಳಿಗೆ ಬರೆದುಕೊಟ್ಟರು, ನನಗೆ ಬರೆದಿಡುವುದನ್ನು ಮರೆತರು’ ಎಂದಳು. ಮಾತಿನಲ್ಲಿ ಕೋಪವಿರಲಿಲ್ಲ. ಚಿಕ್ಕತ್ತೆ ಅಕ್ಕನ ಕೈ ಹಿಡಿದುಕೊಂಡಳು.

ಅವರಿಬ್ಬರೂ ಈಗಿಲ್ಲ. ನಾನು ಮದುವೆಯ ಮನೆಗಳಿಗೆ ಹೋದಾಗಲೆಲ್ಲ ಅಕ್ಷತೆ ಹಾಕಿ ಬರುವಾಗ ವಧುವಿನ ತಂದೆಯ ಕಿವಿಯಲ್ಲಿ ಒಂದು ಮಾತು ಹೇಳುತ್ತೇನೆ: ‘ಕಚೇರಿಯಲ್ಲಿ ಬರೆಸಿದಿರಾ?’ ಕೆಲವರು ಅಪಶಕುನವೆಂದು ಹುಬ್ಬು ಗಂಟಿಕ್ಕುತ್ತಾರೆ. ಮದುವೆಯಾಗಿ ನಲವತ್ತು ವರ್ಷವಾದ ದಂಪತಿಗಳಿಗೂ ಹೇಳುತ್ತೇನೆ. ಹಳೆಯ ಮದುವೆಯನ್ನೂ ನೋಂದಾಯಿಸಲು ಅವಕಾಶವುಂಟು. ಆದರೆ ಇಬ್ಬರೂ ಹೋಗಿ ರುಜು ಹಾಕಬೇಕು, ಒಬ್ಬರೇ ಉಳಿದಾಗ ಹೊತ್ತು ಮೀರಿರುತ್ತದೆ. ಅಗ್ನಿಸಾಕ್ಷಿಯನ್ನು ನಾನು ಹಗುರವಾಗಿ ಕಾಣುವವನಲ್ಲ. ಅದರ ಪಕ್ಕದಲ್ಲಿ ಎರಡು ಸಾಲು ಶಾಯಿಯೂ ಇರಲಿ ಎನ್ನುತ್ತೇನೆ, ಅಷ್ಟೆ.

(ಬಾನುಲಿ ಭಾಷಣ)